ಬರ್ನಿಸ್ ಕೋಚ್ ಕೊಟ್ಟ ಮಾತು

ಬರ್ನಿಸ್ ಡುಬಿಯೆಲ್‌ಳ ಗಂಟಲು ಕೆಟ್ಟು ಎಷ್ಟೋ ವರ್ಷವಾಗಿತ್ತು. ಕನೆಕ್ಟಿಕಟ್ ನದಿಯ ಮೇಲೆ, ಬೆಳಗಿನ ಚಳಿಯಲ್ಲಿ ಮೋಟಾರು ದೋಣಿ ಓಡಿಸುತ್ತ, ಪಕ್ಕದಲ್ಲಿ ಹುಟ್ಟು ಹಾಕುವ ಹುಡುಗಿಯರಿಗೆ ಕೂಗಿ ಕೂಗಿ, ಈಗ ಅವಳು ಮಾತಾಡಿದರೆ ಹಲಗೆಗೆ ಉಪ್ಪುಕಾಗದ ತಿಕ್ಕಿದ ಹಾಗೆ ಕೇಳುತ್ತಿತ್ತು. ಅಂಗಡಿಯಲ್ಲಿ ಹಾಲು ಕೇಳಿದರೂ ಎದುರಿನವರು ನೆಗಡಿಯೇ ಎಂದು ವಿಚಾರಿಸುತ್ತಿದ್ದರು. ಹೌದು ಎಂದುಬಿಡುತ್ತಿದ್ದಳು. ವಿವರಿಸುವುದಕ್ಕೂ ಅದೇ ಗಂಟಲು ಬೇಕಲ್ಲ.

ಅವಳು ಹುಟ್ಟಿದ್ದು ಅದೇ ನದಿಯ ದಂಡೆಯ ಪೋಲಿಷ್ ರೈತರ ಮನೆಯಲ್ಲಿ. ಹೊಲದಲ್ಲಿ ಹೊಗೆಸೊಪ್ಪು, ಈರುಳ್ಳಿ. ರಾಜ್ಯ ವಿಶ್ವವಿದ್ಯಾಲಯಕ್ಕೆ ಓದಲು ಹೋದವಳು ಅಲ್ಲಿ ದೋಣಿ ಹತ್ತಿದಳು. ಆಗ ಹುಡುಗಿಯರಿಗೆ ಸ್ವಂತ ದೋಣಿ ಇರಲಿಲ್ಲ. ಹುಡುಗರು ಬಿಸಾಡಿದ್ದನ್ನು ತೇಪೆ ಹಾಕಿಕೊಂಡು ಓಡಿಸುತ್ತಿದ್ದರು. ಒಮ್ಮೆ ನೋಡಲು ಬಂದ ಅವಳ ಅಪ್ಪ, ಹಿಂದಕ್ಕೆ ಮುಖ ಮಾಡಿಕೊಂಡು ಮುಂದಕ್ಕೆ ಹೋಗೋದು ಯಾವ ಸೀಮೆ ಆಟ ಎಂದು ಕೇಳಿ, ಉತ್ತರಕ್ಕೆ ಕಾಯದೆ ಈರುಳ್ಳಿ ಕೀಳಲು ಹೋದನಂತೆ. ಓದು ಮುಗಿಸಿ ಎಲ್ಡರ್‌ಫೀಲ್ಡ್ ಕಾಲೇಜಿನ ಮಹಿಳಾ ದೋಣಿ ತಂಡಕ್ಕೆ ಒಂದು ವರ್ಷದ ಮಟ್ಟಿಗೆಂದು ಸಹಾಯಕ ಕೋಚ್ ಆಗಿ ಸೇರಿದಳು. ಮುಖ್ಯ ಕೋಚ್‌ಗಳು ಒಬ್ಬರಾದ ಮೇಲೊಬ್ಬರು ಬಂದರು, ಇನ್ನೂ ದೊಡ್ಡ ಹೆಸರಿನ ಕಾಲೇಜುಗಳಿಗೆ ಹೋದರು. ಒಂದು ಮದುವೆ ಬಂತು, ಅದೂ ಹೋಯಿತು. ಬರ್ನಿಸ್ ಉಳಿದಳು.

ಈಗ ಐವತ್ತೆಂಟು. ಮಂಡಿ ಮಡಚಿದರೆ ಬಿಚ್ಚುವುದು ಕಷ್ಟ. ಬೆಳಗ್ಗೆ ನೀರಿನ ಮೇಲೆ ಇರುವುದು ಅವಳ ಕೆಲಸದ ಸಣ್ಣ ಭಾಗ ಮಾತ್ರ. ದೊಡ್ಡ ಭಾಗವೆಂದರೆ ಹುಡುಗಿಯರನ್ನು ಹುಡುಕಿ ತರುವುದು: ಶಾಲೆಗಳ ದೋಣಿ ಓಟ ನೋಡುವುದು, ಅಪ್ಪ ಅಮ್ಮಂದಿರ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುವುದು, ಮತ್ತೆ ಕಾರು ಹತ್ತುವುದು.

ಪ್ರತಿ ಹುಡುಗಿಗೂ ಎರಡು ಅಂಕಿ. ಒಂದು, ಒಳಾಂಗಣದಲ್ಲಿ ಕೂತು ಅಭ್ಯಾಸ ಮಾಡುವ ಹುಟ್ಟು ಯಂತ್ರದ ಮೇಲೆ ಎರಡು ಸಾವಿರ ಮೀಟರು ಎಳೆಯಲು ಎಷ್ಟು ಹೊತ್ತು ಬೇಕು ಎಂಬುದು. ಇನ್ನೊಂದು, ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ಸಾವಿರದ ಆರುನೂರಕ್ಕೆ ಎಷ್ಟು ಎಂಬುದು. ಮೊದಲನೆಯದು ಕಡಿಮೆಯಿರಬೇಕು, ಎರಡನೆಯದು ಹೆಚ್ಚಿರಬೇಕು. ಎರಡೂ ಒಟ್ಟಿಗೆ ಇರುವ ಹುಡುಗಿ ಎಲ್ಡರ್‌ಫೀಲ್ಡಿಗೆ ಬರುವುದಿಲ್ಲ. ಅವಳಿಗೆ ಬಾಸ್ಟನ್ನಿನ ಕಡೆಯಿಂದ, ನ್ಯೂಯಾರ್ಕಿನ ಕಡೆಯಿಂದ ಕರೆ ಬಂದಿರುತ್ತದೆ. ಹಾಗಾಗಿ ಬರ್ನಿಸ್‌ಳ ಪಾಲಿಗೆ ಬರುವವರಲ್ಲಿ ಒಂದಲ್ಲ ಒಂದು ಅಂಕಿ ಸೊಟ್ಟಗಿರುತ್ತಿತ್ತು.

ಈ ಸೊಟ್ಟವನ್ನು ಸರಿಮಾಡಲು ಆ ಕಸುಬಿನವರಲ್ಲಿ ಒಂದು ಹಳೆಯ ಉಪಾಯವಿದೆ. ಎಂಟು ಜನ ಹುಟ್ಟು ಹಾಕುವ ದೋಣಿಯಲ್ಲಿ ಒಂಬತ್ತನೆಯವಳೊಬ್ಬಳು ಇರುತ್ತಾಳೆ. ಅವಳು ಹುಟ್ಟು ಮುಟ್ಟುವುದಿಲ್ಲ. ತುದಿಯಲ್ಲಿ ಕುಳಿತು ಚುಕ್ಕಾಣಿ ಹಿಡಿದು, ಉಳಿದವರಿಗೆ ಕೂಗಿ ಲಯ ಕೊಡುತ್ತಾಳೆ. ಅವಳನ್ನು ಕಾಕ್ಸ್ ಎನ್ನುತ್ತಾರೆ. ಅವಳಿಗೆ ತೋಳಿನ ಬಲ ಬೇಡ. ಮೈ ಹಗುರವಿದ್ದಷ್ಟೂ ಒಳ್ಳೆಯದು. ಎಲ್ಡರ್‌ಫೀಲ್ಡಿನ ಪ್ರವೇಶ ಕಚೇರಿ ಆ ವರ್ಷ ದೋಣಿ ತಂಡಕ್ಕೆ, ಅಂಕ ತುಸು ಕಡಿಮೆಯಿದ್ದರೂ ಸೇರಿಸಿಕೊಳ್ಳಿ ಎಂದು ನಾಲ್ಕು ಹುಡುಗಿಯರನ್ನು ಹೆಸರಿಸುವ ಅವಕಾಶ ಕೊಟ್ಟಿತ್ತು. ಷರತ್ತೆಂದರೆ ನಾಲ್ವರ ಸ್ಯಾಟ್ ಸರಾಸರಿ ಸಾವಿರದ ನಾನೂರ ನಲವತ್ತಕ್ಕಿಂತ ಕೆಳಗೆ ಬೀಳಬಾರದು. ಆಗ ಕೋಚ್‌ಗಳು ಮಾಡುವುದೇನೆಂದರೆ, ಪರೀಕ್ಷೆಯಲ್ಲಿ ಮುಗಿಲು ಮುಟ್ಟಿದ ಪುಟ್ಟ ಹುಡುಗಿಯೊಬ್ಬಳನ್ನು ಕಾಕ್ಸ್ ಎಂದು ತರುವುದು. ಉಪ್ಪು ಹೆಚ್ಚಾದ ಸಾರಿಗೆ ನೀರು ಬೆರೆಸಿದ ಹಾಗೆ ಅವಳ ಅಂಕ ಉಳಿದವರ ಅಂಕದ ಜೊತೆ ಬೆರೆಯುತ್ತದೆ. ಒಬ್ಬಳ ಮೆದುಳು, ಇನ್ನೊಬ್ಬಳ ಬೆನ್ನು. ಹುಡುಗಿಯರಿಗೆ ಇದನ್ನು ಯಾರೂ ಹೇಳುವುದಿಲ್ಲ. ಹೇಳಬಾರದೆಂಬ ಕಾನೂನೇನೂ ಇಲ್ಲ. ಹೇಳುವ ವಾಡಿಕೆ ಇಲ್ಲ, ಅಷ್ಟೆ.

ಎರ್ಮಿರಾ ಚೆಲಾ ಕಣ್ಣಿಗೆ ಬಿದ್ದದ್ದು ಆ ವಸಂತದಲ್ಲಿ, ವುಸ್ಟರ್ ಊರಿನ ಕೆರೆಯ ಓಟದಲ್ಲಿ. ಸರ್ಕಾರಿ ಶಾಲೆಯ ದೋಣಿ. ಆರನೆಯ ಜಾಗದಲ್ಲಿ ಕುಳಿತಿದ್ದ ಉದ್ದನೆಯ ಹುಡುಗಿ, ಉಳಿದ ಏಳು ಮಂದಿ ಸುಸ್ತಾದ ಮೇಲೂ ಗೋಡೆಗೆ ಮೊಳೆ ಹೊಡೆಯುವವಳ ಹಾಗೆ ಒಂದೇ ಸಮ ಎಳೆಯುತ್ತಿದ್ದಳು. ದೋಣಿ ಸೋತಿತು. ಹುಡುಗಿ ಇಳಿದು, ಅಳುತ್ತಿದ್ದ ಗೆಳತಿಯ ಬೆನ್ನು ತಟ್ಟಿ, ಬಾಳೆಹಣ್ಣು ಸುಲಿದಳು. ಯಂತ್ರದ ಮೇಲೆ ಅವಳ ಹೊತ್ತು ಏಳು ನಿಮಿಷ ಹನ್ನೆರಡು ಸೆಕೆಂಡು ಎಂದು ಗೊತ್ತಾದಾಗ ಬರ್ನಿಸ್‌ಗೆ ಆಶ್ಚರ್ಯವಾಗಲಿಲ್ಲ. ಸ್ಯಾಟ್ ಸಾವಿರದ ಮುನ್ನೂರ ನಲವತ್ತು ಎಂದಾಗಲೂ ಆಗಲಿಲ್ಲ. ಅದು ಒಳ್ಳೆಯ ಅಂಕವೇ. ದೇಶದ ಬಹುಪಾಲು ಮಕ್ಕಳಿಗೆ ಅದು ಬರುವುದಿಲ್ಲ. ಎಲ್ಡರ್‌ಫೀಲ್ಡಿಗೆ ಸಾಲದು, ಅಷ್ಟೆ.

ಆದರೆ ಆ ವರ್ಷ ಬರ್ನಿಸ್‌ಳ ಕೈಯಲ್ಲಿ ಇಮೊಜೆನ್ ಸ್ಟಾಡರ್ಡ್ ಎಂಬ ಕಾಕ್ಸ್ ಹುಡುಗಿ ಇದ್ದಳು. ಸಾವಿರದ ಐನೂರ ಎಪ್ಪತ್ತು. ಉಳಿದ ಇಬ್ಬರು ಹುಟ್ಟಿನವರು ಸಾವಿರದ ನಾನೂರ ನಲವತ್ತರ ಗೆರೆಯ ಆಚೀಚೆ. ನಾಲ್ವರನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ ಗೆರೆಯ ಮೇಲೆ ಐದು ಅಂಕದಷ್ಟು ನಿಲ್ಲುತ್ತಿತ್ತು. ಜುಲೈಯಲ್ಲಿ ಪ್ರವೇಶ ಕಚೇರಿ ನಾಲ್ವರನ್ನೂ ನೋಡಿ ಆಗಬಹುದು ಎಂದಿತು.

ಆಗಸ್ಟಿನಲ್ಲಿ ಬರ್ನಿಸ್ ವುಸ್ಟರ್‌ಗೆ ಹೋದಳು. ಮೂರು ಅಂತಸ್ತಿನ ಮರದ ಮನೆಯ ನಡುವಿನ ಮಹಡಿಯಲ್ಲಿ ಚೆಲಾ ಸಂಸಾರ. ಅಲ್ಬೇನಿಯಾದವರು. ಅಪ್ಪ ಅಗಿಮ್ ಛಾವಣಿ ರಿಪೇರಿ ಮಾಡುವವನು. ಅಂಗೈಯ ಗೆರೆಗಳಲ್ಲಿ ತಾರು ಉಳಿದುಹೋಗಿತ್ತು. ಅಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿಯಲ್ಲಿದ್ದಳಾದರೂ ಹೋಗುವ ಮುಂಚೆ ಒಂದು ದೊಡ್ಡ ತಟ್ಟೆ ಬ್ಯುರೆಕ್ ಮಾಡಿಟ್ಟು ಹೋಗಿದ್ದಳು, ಪದರು ಪದರಾದ ಹಿಟ್ಟಿನೊಳಗೆ ಪಾಲಕ್ ಮತ್ತು ಗಿಣ್ಣು. ಬರ್ನಿಸ್ ಎರಡು ತುಂಡು ತಿಂದಳು. ಮೂರನೆಯದನ್ನು ಅಗಿಮ್ ಕೇಳದೆಯೇ ಹಾಕಿದ.

ಅವನು ಬಳಸಿ ಮಾತಾಡುವವನಲ್ಲ. ಮಗಳಿಗೆ ಇನ್ನೊಂದು ಕಡೆಯಿಂದಲೂ ಕರೆ ಬಂದಿದೆ, ರಾಜ್ಯ ವಿಶ್ವವಿದ್ಯಾಲಯದವರು ವಿದ್ಯಾರ್ಥಿವೇತನ ಸಮೇತ ತೆಗೆದುಕೊಳ್ಳುತ್ತೇವೆ ಅಂತಿದ್ದಾರೆ, ಇವಳಿಗೆ ಮಾತ್ರ ನಿಮ್ಮ ಕಾಲೇಜೇ ಬೇಕಂತೆ, ಅಲ್ಲಿ ಭೂಗರ್ಭಶಾಸ್ತ್ರ ಚೆನ್ನಾಗಿದೆಯಂತೆ ಎಂದ. ಕೊನೆಗೆ ಕೇಳಿದ: "ಈಗ ಹೇಳಿ ಮೇಡಂ. ಇದು ಆದ ಹಾಗೇನಾ?"

ಇಂಥ ಪ್ರಶ್ನೆಗೆ ಆ ಕಸುಬಿನಲ್ಲಿ ಎಲ್ಲರೂ ಕೊಡುವ ಉತ್ತರ ಒಂದೇ. ಅದನ್ನೇ ಬರ್ನಿಸ್ ಕೊಟ್ಟಳು. "ನಾನು ಎರ್ಮಿರಾಳ ಬೆನ್ನಿಗಿದ್ದೀನಿ. ಪೂರ್ತಿಯಾಗಿ."

ಕೋಚ್‌ಗಳ ಬಾಯಲ್ಲಿ ಆ ಮಾತಿಗೆ ಅಳತೆಯಿದೆ. ಅದು ಪ್ರವೇಶವಲ್ಲ, ಪ್ರವೇಶ ಕೊಡುವವರ ಮುಂದೆ ಹಿಡಿಯುವ ಹೆಸರು. ಪಟ್ಟಣದ ವಕೀಲರು, ವೈದ್ಯರು ಈ ಉತ್ತರ ಕೇಳಿದ ಮೇಲೂ ಇನ್ನಿಬ್ಬರು ಕೋಚ್‌ಗಳನ್ನು ಫೋನಿನಲ್ಲಿ ಬಿಸಿಯಾಗಿಯೇ ಇಟ್ಟುಕೊಂಡಿರುತ್ತಾರೆ. ಅಗಿಮ್ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಬರ್ನಿಸ್ ಅದನ್ನು ಸೌಜನ್ಯ ಎಂದುಕೊಂಡಳು.

ಮೆಟ್ಟಿಲಿಳಿಯುವಾಗ ಎರ್ಮಿರಾ ಹಿಂದೆಯೇ ಬಂದಳು. ಆಗಸ್ಟ್ ಕೊನೆಯಲ್ಲಿ ಸ್ಯಾಟ್ ಇದೆ, ಇನ್ನೊಂದು ಸಲ ಕೂರಲಾ ಎಂದು ಕೇಳಿದಳು. ಹುಡುಗಿಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಬೇಸಗೆಯಿಡೀ ಬೆಳಗ್ಗೆ ಕೆರೆ, ಮಧ್ಯಾಹ್ನ ಅಂಗಡಿ ಕೆಲಸ, ಸಂಜೆ ಮತ್ತೆ ಯಂತ್ರ. ಬರ್ನಿಸ್‌ಗೆ ಕನಿಕರವಾಯಿತು.

"ಬೇಡ ಕಣೇ. ನಿನ್ನ ಅಂಕ ಸಾಕು. ನಿದ್ದೆ ಮಾಡು, ಹುಟ್ಟು ಹಾಕು."

ಅವಳು ಹೇಳಿದ್ದು ಸುಳ್ಳಲ್ಲ. ಆ ದಿನ ಆ ಅಂಕ ಸಾಕಾಗಿತ್ತು.

ಮರುದಿನವೇ ಅಗಿಮ್ ಕೆಲಸಕ್ಕೆ ರಜೆ ಹಾಕಿ ರಾಜ್ಯ ವಿಶ್ವವಿದ್ಯಾಲಯದ ದೋಣಿ ಮನೆಗೆ ಹೋದ. ಒಂದು ಕಡೆ ಮಾತು ಪಡೆದ ಮೇಲೆ ಇನ್ನೊಬ್ಬರನ್ನು ಕಾಯಿಸುವುದು ಅವನ ಲೆಕ್ಕದಲ್ಲಿ ಮರ್ಯಾದೆಗೇಡು. ಫೋನಿನಲ್ಲಿ ಹೇಳುವುದು ಅದಕ್ಕಿಂತಲೂ ಕೆಟ್ಟದ್ದು. ಅಲ್ಲಿಯ ಕೋಚ್ ಮೊರೀನ್ ಟೂಮಿಯ ಮೇಜಿನ ಮೇಲೆ ಒಂದು ತಟ್ಟೆ ಬ್ಯುರೆಕ್ ಇಟ್ಟು, ನೀವು ನನ್ನ ಮಗಳಿಗೆ ತೋರಿಸಿದ ಗೌರವ ದೊಡ್ಡದು, ನಾವು ಬೇರೆಯವರ ಕೈ ಹಿಡಿದಾಗಿದೆ, ನಿಮ್ಮ ಜಾಗ ಬೇರೆ ಮಗುವಿಗೆ ಸಿಗಲಿ ಎಂದು ಹೇಳಿ ಬಂದ. ಮೊರೀನ್ ಇದನ್ನು ಆ ಪ್ರಾಂತದ ಕೋಚ್‌ಗಳಿಗೆಲ್ಲ ಹೇಳಿಕೊಂಡು ನಕ್ಕಳು. ಇಷ್ಟು ವರ್ಷದಲ್ಲಿ ನನ್ನ ಬೇಡ ಅಂದವರು ಮೆಸೇಜು ಮಾಡೋದೇ ಹೆಚ್ಚು, ಊಟ ತಂದವನು ಇವನೊಬ್ಬನೇ ಎಂದು. ಸುದ್ದಿ ಬರ್ನಿಸ್‌ಳ ಕಿವಿಗೂ ಬಿತ್ತು. ಅವಳು ಜೊತೆಗೆ ನಗಲಿಲ್ಲ. ತನ್ನ ಮಾತನ್ನು ಅವನು ಅಷ್ಟು ಗಟ್ಟಿ ಎಂದುಕೊಂಡನೇ ಎನ್ನಿಸಿತು. ಆದರೂ ನಾಲ್ಕು ಹೆಸರು, ಸರಾಸರಿ ಗೆರೆಯ ಮೇಲಿದೆ ಎಂದು ಸಮಾಧಾನ ಮಾಡಿಕೊಂಡಳು.

ಸೆಪ್ಟೆಂಬರ್ ಮುಗಿಯುವಾಗ ಇಮೊಜೆನ್ ಸ್ಟಾಡರ್ಡ್ ಇನ್ನೂ ದೊಡ್ಡ ಹೆಸರಿನ ಕಾಲೇಜಿಗೆ ಒಪ್ಪಿಕೊಂಡಳು.

ಮುಖ್ಯ ಕೋಚ್ ಟ್ರೆವರ್ ಲಿಂಡ್‌ಹೋಮ್ ಕೆಟ್ಟವನಲ್ಲ. ಮೂವತ್ತು ದಾಟಿದ ಹುಡುಗ, ಎರಡು ಎಳೆ ಮಕ್ಕಳ ತಂದೆ, ಎಡಬಿಡದೆ ಸೇಬು ತಿನ್ನುವವನು. ಕಾಕ್ಸ್ ಹೋದಳೆಂದು ಅವನೂ ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಓಡಾಡಿದ. ಆಮೇಲೆ ಇಬ್ಬರೂ ಕೂತು ಬೇರೆ ಕಾಕ್ಸ್ ಹುಡುಕಿದರು. ಸಿಕ್ಕಿದವಳ ಅಂಕ ಸಾವಿರದ ಐನೂರು. ಬರ್ನಿಸ್ ಭಾಗಿಸಿ ನೋಡಿದಳು. ಗೆರೆ ಮುಟ್ಟಬೇಕಾದರೆ ಎರ್ಮಿರಾಳ ಅಂಕ ಸಾವಿರದ ಮುನ್ನೂರ ತೊಂಬತ್ತು ಆಗಬೇಕು.

"ಅಕ್ಟೋಬರ್ ಪರೀಕ್ಷೆ ಇದೆಯಲ್ಲ," ಎಂದ ಟ್ರೆವರ್. "ಐವತ್ತು ಅಂಕ ತಾನೇ? ಬರಲಿಲ್ಲ ಅಂದ್ರೆ ಕನೆಕ್ಟಿಕಟ್‌ನ ಇನ್ನೊಬ್ಳು ಹುಟ್ಟಿನವಳಿದ್ದಾಳೆ. ಸ್ವಲ್ಪ ನಿಧಾನ. ಆದ್ರೆ ಅಂಕ ಇದೆ."

ಬರ್ನಿಸ್ ವುಸ್ಟರ್‌ಗೆ ಫೋನ್ ಮಾಡಿ, ಒಂದು ಸಣ್ಣ ತೊಡಕಾಗಿದೆ, ಅಕ್ಟೋಬರಿನಲ್ಲಿ ಒಮ್ಮೆ ಕೂತುಬಿಡಲಿ ಎಂದಳು. ಯಾಕೆ ಎಂದು ಹುಡುಗಿ ಕೇಳಿದಳು. ಕಚೇರಿಯವರು ಈ ಸಲ ಬಿಗಿ ಮಾಡಿದ್ದಾರೆ ಎಂದಳು ಬರ್ನಿಸ್. ಅದೂ ಪೂರ್ತಿ ಸುಳ್ಳಲ್ಲ.

ಹುಡುಗಿಗೆ ಓದಲು ಸಿಕ್ಕಿದ್ದು ಹತ್ತು ದಿನವೂ ಇಲ್ಲ. ಹತ್ತಿರದ ಪರೀಕ್ಷಾ ಕೇಂದ್ರಗಳೆಲ್ಲ ತುಂಬಿಹೋಗಿದ್ದರಿಂದ ಅಗಿಮ್ ಅವಳನ್ನು ರಾಜ್ಯದ ಇನ್ನೊಂದು ತುದಿಯ ಶಾಲೆಗೆ ಟ್ರಕ್ಕಿನಲ್ಲಿ ಕರೆದುಕೊಂಡು ಹೋದ. ಅಂಕ ಬರುವವರೆಗೆ ಬರ್ನಿಸ್ ಎಂದಿನಂತೆ ನದಿಗೆ ಹೋದಳು, ಕೂಗಿದಳು, ಅಡುಗೆಮನೆಗಳಲ್ಲಿ ಕಾಫಿ ಕುಡಿದಳು. ಆ ಕಾಫಿ ಯಾವುದೂ ಅವಳಿಗೆ ರುಚಿಸಲಿಲ್ಲ. ಕೊನೆಗೆ ಅಂಕ ಬಂತು. ಕಾಲೇಜಿನವರು ಎಲ್ಲ ಸಲದ ಪರೀಕ್ಷೆಗಳಿಂದ ಗಣಿತದಲ್ಲಿ ಬಂದ ಅತಿ ಹೆಚ್ಚಿನ ಅಂಕ ಒಂದು, ಭಾಷೆಯಲ್ಲಿ ಬಂದ ಅತಿ ಹೆಚ್ಚಿನ ಅಂಕ ಒಂದು ಆರಿಸಿ ಕೂಡಿಸುತ್ತಾರೆ. ಹಾಗೆ ಕೂಡಿಸಿದರೂ ಎರ್ಮಿರಾಳದು ಸಾವಿರದ ಮುನ್ನೂರ ಎಂಬತ್ತು.

ಹತ್ತು ಅಂಕ. ಅಂದರೆ ಒಂದು ಪ್ರಶ್ನೆ.

ಬರ್ನಿಸ್ ಪ್ರವೇಶ ಕಚೇರಿಗೆ ಹೋಗಿ ಕೂತು ಬೇಡಿದಳು. ಸರಾಸರಿ ಗೆರೆಗಿಂತ ಎರಡೂವರೆ ಅಂಕ ಕೆಳಗೆ ಅಷ್ಟೆ, ಈ ಹುಡುಗಿ ಬಂದರೆ ನಾಲ್ಕು ವರ್ಷ ದೋಣಿ ನಿಲ್ಲುವುದಿಲ್ಲ ಎಂದಳು. ಅಲ್ಲಿದ್ದಾಕೆ ಅವಳಿಗೆ ಬಹಳ ವರ್ಷದಿಂದ ಗೊತ್ತಿದ್ದವಳೇ. ಫುಟ್‌ಬಾಲಿನವರು ಬೆಳಗ್ಗೆ ಇದೇ ಕುರ್ಚಿಯಲ್ಲಿ ಕೂತು ಮೂರು ಕೇಳಿದರು, ಈಜಿನವರು ನಿನ್ನೆ ಒಂದು ಕೇಳಿದರು, ನಿಮಗೆ ಬಗ್ಗಿದರೆ ಎಲ್ಲರಿಗೂ ಬಗ್ಗಬೇಕು ಎಂದಳು. ಅವಳ ಧ್ವನಿಯಲ್ಲೂ ದಣಿವಿತ್ತು. ಬರ್ನಿಸ್ ವಾದ ಮಾಡಲಿಲ್ಲ. ಆ ಕುರ್ಚಿಯಿಂದ ಏಳುವಾಗ ಮಂಡಿಗೆ ಕೈಯೂರಬೇಕಾಯಿತು.

ಹೊರಗೆ ಬಂದು ಮೇಪಲ್ ಮರದ ಕೆಳಗಿನ ಬೆಂಚಿನಲ್ಲಿ ಕೂತಾಗ ಅವಳ ತಲೆಯಲ್ಲಿ ತಿರುಗುತ್ತಿದ್ದುದು ಒಂದೇ ಲೆಕ್ಕ. ಹುಡುಗಿ ಆಗಸ್ಟಿನಲ್ಲೂ ಪರೀಕ್ಷೆಗೆ ಕೂತಿದ್ದರೆ ಆರಿಸಿ ಕೂಡಿಸಲು ಇನ್ನೊಂದು ಸಲದ ಅಂಕ ಇರುತ್ತಿತ್ತು. ಬೇಕಾಗಿದ್ದದ್ದು ಹತ್ತು.

ಫೋನ್ ಮಾಡಿ ಹೇಳಿಬಿಡಿ, ಬೇಗ ಹೇಳಿದಷ್ಟೂ ಒಳ್ಳೆಯದು, ಕನೆಕ್ಟಿಕಟ್‌ನವಳಿಗೆ ಇವತ್ತೇ ತಿಳಿಸಬೇಕು ಎಂದ ಟ್ರೆವರ್. ಬರ್ನಿಸ್ ಫೋನ್ ಮಾಡಲಿಲ್ಲ. ಕಾರು ಹತ್ತಿದಳು.

ಮಧ್ಯಾಹ್ನದ ಹೊತ್ತು. ಅಗಿಮ್ ತನ್ನದೇ ಮನೆಯ ಮುಂದಿನ ಜಗಲಿಯ ಛಾವಣಿ ಬಿಚ್ಚುತ್ತಿದ್ದ. ಏಣಿಯಿಂದ ಇಳಿದು, ಅವಳ ಮುಖ ನೋಡಿ, ಒಳಗೆ ಕರೆಯಲಿಲ್ಲ. ಎರ್ಮಿರಾ ಮೆಟ್ಟಿಲ ಮೇಲೆ ಬಂದು ಕುಳಿತಳು. ಬರ್ನಿಸ್ ನಿಂತೇ ಹೇಳಿದಳು. ಕಾಲೇಜು ತೆಗೆದುಕೊಳ್ಳುವುದಿಲ್ಲ. ಅಂಕ ಹತ್ತು ಕಡಿಮೆಯಾಯಿತು.

ಅಗಿಮ್ ಕೈಗವಸು ಬಿಚ್ಚಿದ. "ಬೆನ್ನಿಗಿದ್ದೀನಿ ಅಂದಿದ್ದು ನೀವು ತಾನೆ?"

"ನಾನೇ."

"ಈಗ ಅವರ ಉತ್ತರ ತಗೊಂಡು ಬಂದೋರೂ ನೀವೇ. ಹಂಗಾದ್ರೆ ಬೆನ್ನಿಗಿರೋದು ಅಂದ್ರೇನು ಮೇಡಂ?"

ಹುಡುಗಿ ನಡುವೆ ಬಾಯಿ ಹಾಕಿದಳು. ನಾನು ಕೋಚ್‌ಗಳ ಹಂಗಿಲ್ಲದೆ, ಎಲ್ಲರ ಹಾಗೆ ಸುಮ್ಮನೆ ಅರ್ಜಿ ಹಾಕುತ್ತೇನೆ, ಪ್ರಬಂಧ ಚೆನ್ನಾಗಿ ಬರೆದಿದ್ದೇನೆ, ಶಾಲೆಯ ಅಂಕಗಳೂ ಚೆನ್ನಾಗಿವೆ, ನೋಡೋಣ ಎಂದಳು. ಮುಖದಲ್ಲಿ ಇನ್ನೂ ಆಸೆಯಿತ್ತು. ಬೇರೆ ವರ್ಷವಾಗಿದ್ದರೆ ಬರ್ನಿಸ್ ಈ ಹಂತದಲ್ಲಿ, ಪ್ರಯತ್ನ ಮಾಡಮ್ಮ, ಒಳ್ಳೆಯದಾಗಲಿ ಎಂದು ಹೇಳಿ ಕಾರು ಹತ್ತುತ್ತಿದ್ದಳು. ಎಷ್ಟೋ ಸಲ ಹಾಗೆ ಹತ್ತಿದ್ದಳು. ಈ ಸಲ ಅವಳು ಮೆಟ್ಟಿಲ ಮೇಲೆ ಹುಡುಗಿಯ ಪಕ್ಕ ಕೂತಳು.

"ಹಾಕಬೇಡ ಎರ್ಮಿರಾ. ನಮ್ಮ ಹೆಸರಿಲ್ದೆ ಈ ಅಂಕಕ್ಕೆ ಅಲ್ಲಿ ಬಾಗಿಲು ತೆಗೆಯಲ್ಲ. ಡಿಸೆಂಬರ್‌ವರೆಗೂ ಕಾಯಿಸಿ ಇಲ್ಲ ಅಂತಾರೆ. ಅಷ್ಟೊತ್ತಿಗೆ ಎಲ್ಲ ದೋಣಿನೂ ತುಂಬಿರುತ್ತೆ."

ಆಮೇಲೆ ಅವಳು ಕಾಕ್ಸ್‌ಳ ಲೆಕ್ಕ ಹೇಳಿದಳು. ಗೆರೆ ಎಲ್ಲಿತ್ತು, ಇಮೊಜೆನ್ ಎಷ್ಟು ತಂದಿದ್ದಳು, ಅವಳು ಹೋದ ಮೇಲೆ ಏನಾಯಿತು, ಹೊಸಬಳು ಎಷ್ಟು ತಂದಳು, ಎಲ್ಲವನ್ನೂ ಬಿಡಿಸಿ ಹೇಳಿದಳು. ಅಗಿಮ್‌ಗೆ ಮೊದಲು ಅರ್ಥವಾಗಲಿಲ್ಲ. ತನ್ನ ಮಗಳ ಪರೀಕ್ಷೆಗೂ, ಎಲ್ಲೋ ಇರುವ ಇನ್ನೊಬ್ಬರ ಮಗಳ ಪರೀಕ್ಷೆಗೂ ಏನು ಸಂಬಂಧ ಎಂದು ಎರಡು ಸಲ ಕೇಳಿದ. ಎರ್ಮಿರಾಗೆ ತಕ್ಷಣ ಅರ್ಥವಾಯಿತು. ಅವಳು ಕಾಲ ಬೆರಳಿನಿಂದ ಮೆಟ್ಟಿಲ ಮೇಲಿದ್ದ ತಾರು ಚೂರೊಂದನ್ನು ತಳ್ಳಿದಳು.

"ಅಂದ್ರೆ ಅವಳು ಹೋಗೋವರೆಗೂ ನಾನು ದಡ್ಡಿ ಆಗಿರ್ಲಿಲ್ಲ. ಅಲ್ವಾ ಕೋಚ್?"

"ನೀನು ಈಗಲೂ ದಡ್ಡಿ ಅಲ್ಲ."

"ಆಗಸ್ಟ್‌ನಲ್ಲಿ ಕೂತಿದ್ರೆ?"

ತಪ್ಪಿಸಿಕೊಳ್ಳಲು ಒಂದು ದಾರಿ ಇತ್ತು. ಹೇಳಕ್ಕಾಗಲ್ಲ ಎಂದರೆ ಸಾಕಿತ್ತು. ಬರ್ನಿಸ್ ಹೇಳಿದಳು: "ಬಹುಶಃ ಆಗ್ತಿತ್ತು. ಬೇಡ ಅಂದಿದ್ದು ನಾನು. ನಿನ್ನ ಕಣ್ಣು ನೋಡಿ ಹೇಳ್ದೆ. ತಪ್ಪು ಮಾಡ್ದೆ."

ಹುಡುಗಿ ಎದ್ದು ಒಳಗೆ ಹೋದಳು. ಬಾಗಿಲು ಬಡಿಯಲಿಲ್ಲ, ಮೆತ್ತಗೆ ಮುಚ್ಚಿದಳು. ಅದನ್ನು ಕೇಳುವುದೇ ಹೆಚ್ಚು ಕಷ್ಟವಾಯಿತು.

ಅಗಿಮ್ ಕೈಗವಸುಗಳನ್ನು ಏಣಿಯ ಮೆಟ್ಟಿಲಿಗೆ ಸಿಕ್ಕಿಸಿದ. ಬೈಯುತ್ತಾನೆಂದು ಬರ್ನಿಸ್ ಕಾದಳು, ಬೈದರೆ ಹಗುರವಾಗುತ್ತಿತ್ತು. ಅವನು ಹೇಳಿದ್ದು ಬೇರೆ. ಆ ಇನ್ನೊಬ್ಬ ಕೋಚಮ್ಮನ ಬಾಗಿಲನ್ನು ನಾನು ನನ್ನ ಕೈಯಾರೆ ಮುಚ್ಚಿ ಬಂದೆ, ನಿಮ್ಮ ಮಾತು ಕೇಳಿ. ನಾನು ಮತ್ತೆ ಹೋಗಿ ತಟ್ಟಿದರೆ ನಾನು ಎರಡು ನಾಲಿಗೆಯವನಾಗುತ್ತೇನೆ. "ನೀವು ತಟ್ಟಿ. ನನ್ನೆದುರಿಗೆ, ಮಗು ಎದುರಿಗೆ. ಯಾಕೆ ಹಿಂಗಾಯ್ತು ಅಂತ ನಿಮ್ಮ ಬಾಯಲ್ಲಿ ಹೇಳಿ."

ಮೊರೀನ್ ಟೂಮಿ ಮತ್ತು ಬರ್ನಿಸ್ ಒಂದು ಕಾಲದಲ್ಲಿ ಅದೇ ತೇಪೆ ಹಾಕಿದ ದೋಣಿಯಲ್ಲಿ ಹಿಂದೆ ಮುಂದೆ ಕೂತವರು. ಮೊರೀನ್ ಅಲ್ಲೇ ಉಳಿದು ಕೋಚ್ ಆದಳು. ಎಲ್ಡರ್‌ಫೀಲ್ಡಿನ ಹೆಸರು ತೋರಿಸಿ ಬರ್ನಿಸ್ ವರ್ಷವರ್ಷವೂ ಅವಳ ಕೈಯಿಂದ ಹುಡುಗಿಯರನ್ನು ಎತ್ತಿಕೊಂಡು ಹೋಗುತ್ತಿದ್ದಳು. ಹಾಗಾಗಿ ನದಿಯಲ್ಲಿ ಎದುರಾದರೆ ಕೈ ಎತ್ತುವಷ್ಟು ಸ್ನೇಹ ಉಳಿದಿತ್ತು, ಕಾಫಿ ಕುಡಿಯುವಷ್ಟಲ್ಲ. ಅವಳ ಹತ್ತಿರ ಏನನ್ನಾದರೂ ಕೇಳುವ ದಿನ ಬರುತ್ತದೆ ಎಂದು ಬರ್ನಿಸ್ ಎಣಿಸಿರಲಿಲ್ಲ.

ಆ ವಾರವೇ ಮೂವರೂ ಹೋದರು, ಅಗಿಮ್ ಮತ್ತು ಮಗಳು ಟ್ರಕ್ಕಿನಲ್ಲಿ, ಬರ್ನಿಸ್ ಹಿಂದೆ ತನ್ನ ಕಾರಿನಲ್ಲಿ. ಮೊರೀನ್ ದೋಣಿ ಮನೆಯ ಬಾಗಿಲಲ್ಲೇ ಹುಟ್ಟುಗಳನ್ನು ಒರೆಸುತ್ತಿದ್ದಳು. ಮೂವರನ್ನೂ ನೋಡಿದ ಕೂಡಲೆ ಅರ್ಧ ವಿಷಯ ಅವಳಿಗೆ ತಿಳಿದಿರಬೇಕು.

"ಏನೇ ಬರ್ನಿ, ಈ ಸಲ ಕೊಡೋದಕ್ಕೆ ಬಂದಿದ್ದೀಯಾ?"

ಬರ್ನಿಸ್ ಆ ತಮಾಷೆಗೆ ನಗಲಿಲ್ಲ. ನಿಂತಲ್ಲೇ, ಒಡೆದ ಧ್ವನಿಯಲ್ಲಿ, ಮೊದಲಿನಿಂದ ಹೇಳಿದಳು. ಈ ಮನುಷ್ಯ ನಿನ್ನನ್ನು ಬೇಡ ಎಂದದ್ದು ನನ್ನ ಮಾತು ನಂಬಿ. ನಾನು ಆ ಮಾತಿಗೆ ಎಷ್ಟು ಅಳತೆ ಇದೆ ಎಂದು ಹೇಳಲಿಲ್ಲ. ಪರೀಕ್ಷೆ ಬರೆಯಬೇಡ ಎಂದೂ ನಾನೇ ಹೇಳಿದೆ. ಹುಡುಗಿಯದು ತಪ್ಪಿಲ್ಲ, ಅಪ್ಪನದೂ ಇಲ್ಲ. ನಡುವೆ ಗಂಟಲು ಎರಡು ಸಲ ಕೈಕೊಟ್ಟಿತು. ಮೊರೀನ್ ಬಟ್ಟೆ ಕೆಳಗಿಟ್ಟಳು. ಇಷ್ಟು ವರ್ಷದಲ್ಲಿ ಎಲ್ಡರ್‌ಫೀಲ್ಡಿನವರು ಅವಳ ಮುಂದೆ ಹೀಗೆ ನಿಂತದ್ದಿರಲಿಲ್ಲ. ಅವಳಿಗೆ ಅದರಿಂದ ಖುಷಿಯಾದಂತೆಯೂ ಕಾಣಲಿಲ್ಲ.

ಅವಳು ಬರ್ನಿಸ್‌ಗೆ ಬೆನ್ನು ಹಾಕಿ ಎರ್ಮಿರಾಳ ಕಡೆ ತಿರುಗಿದಳು. ಈಗಲೂ ಏಳು ಹನ್ನೆರಡಾ ಎಂದು ಕೇಳಿದಳು. ಕಳೆದ ವಾರ ಏಳು ಹತ್ತು ಎಂದಳು ಹುಡುಗಿ. ಬೆನ್ನು ನೋವಿದೆಯಾ? ಇಲ್ಲ. ಚಳಿಗಾಲದಲ್ಲಿ ಬೆಳಗ್ಗೆ ಏಳುತ್ತೀಯಾ? ಏಳುತ್ತೇನೆ. ಅಷ್ಟೇ. ಅಗಿಮ್ ಕಾದು, ಕೊನೆಗೆ ತಾನೇ ಕೇಳಿದ: "ಪರೀಕ್ಷೆ ಅಂಕ ಕೇಳಲ್ವಾ?"

"ಸೇರೋದಕ್ಕೆ ಬೇಕಾಗಿರೋದಕ್ಕಿಂತ ಜಾಸ್ತಿನೇ ಇದೆ ಯಜಮಾನ್ರೇ. ಆದ್ರೆ ಕೇಳಿ. ಆವತ್ತು ಇಟ್ಕೊಂಡಿದ್ದ ವಿದ್ಯಾರ್ಥಿವೇತನ ಈಗಿಲ್ಲ. ನೀವು ಹೇಳಿದ್ರಲ್ಲ, ಬೇರೆ ಮಗುಗೆ ಸಿಗ್ಲಿ ಅಂತ. ಕೊಟ್ಬಿಟ್ಟೆ. ತಂಡದಲ್ಲಿ ಜಾಗ ಇದೆ. ಮೊದಲನೇ ವರ್ಷ ಫೀಸು ನಿಮ್ದೇ. ಆಮೇಲೆ ಮೊದಲ ದೋಣಿಗೆ ಬಂದ್ರೆ ನೋಡ್ತೀನಿ. ನೋಡ್ತೀನಿ ಅಂದೆ, ಕೊಡ್ತೀನಿ ಅನ್ಲಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ, ಕೇಳಿಸ್ಕೊಂಡ್ರಾ?"

ಅಗಿಮ್ ಕೇಳಿಸಿಕೊಂಡ. ಅವನ ಕಣ್ಣು ಸುಮ್ಮನೆ ಮೇಲೆ ಹೋಗಿ ದೋಣಿ ಮನೆಯ ಛಾವಣಿಯ ಮೂಲೆಯನ್ನು ನೋಡಿತು. ಅಲ್ಲಿ ಹೆಂಚು ಎದ್ದಿತ್ತು. ಆಮೇಲೆ ಮಗಳನ್ನು ನೋಡಿದ. ಇಲ್ಲಿ ಭೂಗರ್ಭಶಾಸ್ತ್ರ ಇದೆಯಾ ಎಂದು ಅವಳು ಕೇಳಿದಳು. ಇದೆ, ಕಟ್ಟಡ ಹಳೆಯದು, ಮೇಷ್ಟರುಗಳು ಪರವಾಗಿಲ್ಲ ಎಂದಳು ಮೊರೀನ್. ಸರಿ ಎಂದಳು ಎರ್ಮಿರಾ. ಆ ಸರಿಯಲ್ಲಿ ಸಂತೋಷವಿರಲಿಲ್ಲ, ಅಳುವೂ ಇರಲಿಲ್ಲ. ಬಹಳ ದೂರ ನಡೆದವರು ಕೂರಲು ಜಾಗ ಸಿಕ್ಕಾಗ ಹೇಳುವ ಸರಿ ಅದು. ಅಗಿಮ್ ಮೊರೀನ್‌ಳ ಕೈ ಕುಲುಕಿದ. ಬರ್ನಿಸ್‌ಳ ಕಡೆ ತಲೆಯಾಡಿಸಿದ, ಕೈ ಕೊಡಲಿಲ್ಲ. ಬರ್ನಿಸ್‌ಗೂ ಅದು ನ್ಯಾಯವೆಂದೇ ಅನ್ನಿಸಿತು.

ನವೆಂಬರಿನಲ್ಲಿ ಬರ್ನಿಸ್ ಮುಂದಿನ ವರ್ಷದ ಹುಡುಗಿಯರ ಮನೆಗಳಿಗೆ ಹೊರಟಳು. ಮೊದಲನೆಯದು ಒಬ್ಬ ದಂತವೈದ್ಯನ ಮನೆ. ಅಡುಗೆಮನೆಯಲ್ಲಿ ಕುಂಬಳಕಾಯಿ ಕೇಕು, ಕಾಫಿ. ಇದು ಆದ ಹಾಗೆಯೇ ಎಂದು ಆ ತಾಯಿಯೂ ಕೇಳಿದಳು. ಬರ್ನಿಸ್ ಆಗಿಲ್ಲ ಎಂದಳು. ನಾನು ಹೆಸರು ಹಿಡಿಯುವವಳು, ಬಾಗಿಲು ತೆಗೆಯುವವಳಲ್ಲ. ಸರಾಸರಿ ಯಾವಾಗ ಬೇಕಾದರೂ ಜಾರಬಹುದು. ಪರೀಕ್ಷೆಗೆ ಇನ್ನೊಮ್ಮೆ ಕೂರಲಿ, ಬೇರೆ ಯಾರನ್ನೂ ಇನ್ನೂ ಬೇಡ ಎನ್ನಬೇಡಿ ಎಂದಳು. ಕಾಕ್ಸ್‌ಳ ಲೆಕ್ಕವನ್ನೂ ಹೇಳಿದಳು. ದಂಪತಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ವಾರದಲ್ಲಿ ಆ ಹುಡುಗಿ ಬೇರೆ ಕಾಲೇಜಿನ ಕಡೆ ವಾಲಿದಳು. ಆಮೇಲೆ ಇನ್ನೊಬ್ಬಳು.

ಟ್ರೆವರ್ ಅವಳನ್ನು ಕೂರಿಸಿಕೊಂಡು ಮಾತಾಡಿದ. ಕೂಗಾಡಲಿಲ್ಲ. ನೀವು ಹೇಳೋದೆಲ್ಲ ನಿಜವೇ, ಆದರೆ ಬೇರೆ ಯಾವ ಕಾಲೇಜಿನವರೂ ಹೇಳಲ್ವಲ್ಲ, ನಾವೊಬ್ಬರೇ ಹೇಳಿದರೆ ನಮ್ಮಲ್ಲೇ ಏನೋ ತೊಂದರೆ ಇದೆ ಅಂದ್ಕೋತಾರೆ ಎಂದ. ಹುಡುಗಿಯರನ್ನು ತರುವ ಕೆಲಸವನ್ನು ನಾನೇ ನೋಡಿಕೊಳ್ಳುತ್ತೇನೆ, ನೀವು ಕಾಲೇಜಿಗೆ ಸೇರಿದ ಮೇಲೆ ದೋಣಿ ಕಲಿಯಲು ಬರುವ ಹೊಸಬರಿಗೆ ಹುಟ್ಟು ಹಿಡಿಯುವುದನ್ನು ಕಲಿಸಿ ಸಾಕು ಎಂದ. ಇಷ್ಟು ವರ್ಷ ಆ ಓಡಾಟ ಮಾಡಿದವಳಿಗೆ ಅದು ಹಿಂಬಡ್ತಿಯೇ. ಬರ್ನಿಸ್ ಆಗಲಿ ಎಂದಳು. ಅವನು ತಿನ್ನುತ್ತಿದ್ದ ಸೇಬನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ತಿರುಗಿಸುತ್ತಿದ್ದ.

ಚಳಿಗಾಲ ಕಳೆದು ನದಿಯ ಹಿಮ ಕರಗಿದ ಮೇಲೆ, ಒಂದು ಬೆಳಗ್ಗೆ ಅವಳು ಹೊಸಬರ ದೋಣಿಯನ್ನು ನೀರಿಗಿಳಿಸಿದಳು. ಹುಟ್ಟು ಯಾವ ಕೈಯಲ್ಲಿ ಹಿಡಿಯಬೇಕೆಂದೂ ಗೊತ್ತಿಲ್ಲದ ಎಂಟು ಹುಡುಗಿಯರು. ಯಾರ ಅಂಕವೂ ಅವಳಿಗೆ ಗೊತ್ತಿರಲಿಲ್ಲ. ದಡದಿಂದ ಹೊರಟ ದೋಣಿ ಸುತ್ತು ಹೊಡೆದು ಮತ್ತೆ ದಡಕ್ಕೇ ಮುಖ ಮಾಡಿತು. ಒಬ್ಬಳು ನಕ್ಕಳು, ಒಬ್ಬಳು ಕ್ಷಮೆ ಕೇಳಿದಳು. ಬರ್ನಿಸ್ ಮೋಟಾರು ನಿಲ್ಲಿಸಿ, ಕೂಗುವ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು, ಅವರು ತಾವೇ ಸರಿಮಾಡಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು.